ಯಾರ ಹೆಸರು ಹಾಕಲಿ?

ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಈಚೆಗೆ ಹೊಸನಗರದ ಹತ್ತಿರ ಕಾಳುಮೆಣಸಿನ ನರ್ಸರಿ ನಡೆಸುವ ಮಂಜಪ್ಪ, ಸುಜಾತಾ ದಂಪತಿ ಹೊಸ ಕಂಪ್ಯೂಟರ್ ತಗೊಂಡು, ಅದರಲ್ಲಿ ತಮ್ಮ ಇಮೇಲ್ ಹಾಕಿಕೊಡಿ ಅಂತ ಕರೆದರು. ಇಂಥ ಸೆಟ್ಟಿಂಗ್ ನಾನು ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ವಿಳಾಸ, ಪಾಸ್‌ವರ್ಡ್ ಎಲ್ಲ ತುಂಬಿದೆ. ಉಳಿದದ್ದು ಒಂದೇ, ಮೇಲ್ ಯಾರಿಂದ ಬಂತೆಂದು ಗಿರಾಕಿಗೆ ಕಾಣುವ ಹೆಸರು.

"ಯಾರ ಹೆಸ್ರು ಹಾಕ್ಲಿ?" ಅಂದೆ.

"ನಂದೇ. ಮೊದ್ಲಿಂದ ಅದೇ ಇರೋದು," ಅಂದರು ಮಂಜಪ್ಪ.

"ಮೇಲ್ ಓದೋದು ನಾನು, ಉತ್ರ ಬರಿಯೋದು ನಾನು. ಎಲ್ರೂ ನಂಗೆ 'ಸರ್' ಅಂತ ಬರೀತಾರೆ. ಈ ಸಲ ನನ್ನ ಹೆಸ್ರು ಹಾಕಿ," ಅಂದರು ಸುಜಾತಾ.

"ಹೆಸ್ರು ಬದ್ಲಾದ್ರೆ ಗಿರಾಕಿಗಳು ಹೋಗ್ತಾರೆ ಮಾರಾಯ್ತಿ!"

"ಗಿಡ ಚೆನ್ನಾಗಿದ್ರೆ ಎಲ್ಲಿಗೆ ಹೋಗ್ತಾರೆ?"

ಇಬ್ಬರೂ ನನ್ನ ಕಡೆ ತಿರುಗಿದರು. ಬರೆಯುವವರ ಹೆಸರಿರುವುದೇ ಸರಿ ಅಂತ ಖಡಾಖಂಡಿತವಾಗಿ ಹೇಳಿ, ಸುಜಾತಾ ಅಂತಲೇ ಟೈಪ್ ಮಾಡಿದೆ. ಮಂಜಪ್ಪ ಮುಖ ಗಂಟು ಹಾಕಿಕೊಂಡರು. ಮೇಲ್ ಹೋಗುತ್ತದೋ ಇಲ್ಲವೋ ನೋಡೋಣವೆಂದು ಸುಜಾತಾ ತೀರ್ಥಹಳ್ಳಿಯ ಹಳೇ ಗಿರಾಕಿಯೊಬ್ಬರಿಗೆ, ನೀವು ಕೇಳಿದ ಗಿಡ ಸಿದ್ಧವಿದೆ ಎಂದು ಬರೆದರು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಉತ್ತರ ಬಂತು: "ಮೇಡಂ, ಇವತ್ತೇ ಕಳಿಸಿ. ಮಂಜಪ್ಪನವರು ಆರೋಗ್ಯವಾಗಿದ್ದಾರಷ್ಟೆ?"

ಮಂಜಪ್ಪ ಗಾಬರಿಯಾಗಿ, "ಬೇಗ ಬರಿ, ನಾನು ಗಟ್ಟಿಮುಟ್ಟಾಗಿದೀನಿ ಅಂತ!" ಅಂದರು.

ಸುಜಾತಾ ನಿಧಾನವಾಗಿ ಟೈಪ್ ಮಾಡಿದರು: "ಆರಾಮಾಗಿದ್ದಾರೆ. ನಿಮ್ಮ ಗಿಡಗಳನ್ನು ಗಾಡಿಗೆ ತುಂಬುತ್ತಿದ್ದಾರೆ." ಕಳಿಸಿಯೂ ಬಿಟ್ಟರು.

ಮಂಜಪ್ಪ ಅದನ್ನು ಮತ್ತೊಮ್ಮೆ ಓದಿ, ಪಂಚೆ ಎತ್ತಿ ಕಟ್ಟಿಕೊಂಡು ಗಿಡಗಳ ಕಡೆ ಹೊರಟರು. ನಾನು ಮಾಡಿದ ಯಾವ ಸೆಟ್ಟಿಂಗೂ ಇಷ್ಟು ಬೇಗ ಕೆಲಸ ಶುರು ಮಾಡಿದ್ದಿಲ್ಲ.