ಮಾಸ್ಟ್ರ ಪ್ರಾರ್ಥನೆ ಮತ್ತು ಒಲೆಯ ಮೇಲಿನ ಹಾಲು

ಹೋದ ವರ್ಷ, ಈಸ್ಟರ್ ಕಳೆದ ಮೇಲಿನ ಒಂದು ಶುಕ್ರವಾರ ಸಂಜೆ, ಶ್ರೀರಾಂಪುರದ ನಮ್ಮ ಮನೆಯಲ್ಲಿ ನಡೆದದ್ದು ಇದು.

ಅದಕ್ಕೂ ಹಿಂದಿನ ವರ್ಷ ನನ್ನ ಹೆಂಡತಿ ಸುಗುಣಳಿಗೆ ಲಕ್ವ ಹೊಡೆದಿತ್ತು. ಕೈಕಾಲು ಕೆಲವು ತಿಂಗಳಲ್ಲಿ ಸರಿಹೋದವು. ಮಾತು ಮಾತ್ರ ಬರಲಿಲ್ಲ. ಚರ್ಚಿನಲ್ಲಿ ಹಾಡುವಾಗ ಎಲ್ಲರ ದನಿಯನ್ನೂ ಮುಳುಗಿಸುತ್ತಿದ್ದವಳು, ನನ್ನ ದನಿಯನ್ನಂತೂ ಮದುವೆಯಾದ ವಾರದಲ್ಲೇ ಮುಳುಗಿಸಿದವಳು, ಬಾಯಿ ತೆರೆದರೆ ಬರೀ ಗಾಳಿ. ಎಷ್ಟೋ ವರ್ಷದಿಂದ ನಾನು ಬಯಸಿದ್ದ ನಿಶ್ಶಬ್ದ ಹೀಗೆ ಸಿಕ್ಕಿತು. ಸಿಕ್ಕ ಮೇಲೆ ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

"ಬರಬಹುದು ಸಾರ್, ಬರದೆಯೂ ಇರಬಹುದು. ಕಾಯಬೇಕು" ಎಂದರು ಮಾತು ಕಲಿಸುವ ಡಾಕ್ಟರಮ್ಮ. ನಮ್ಮ ಚರ್ಚಿನ ಸಭೆಯ ಪಾದ್ರಿ ಅಯ್ಯನವರೂ ಅದನ್ನೇ ಹೇಳಿದರು, ಸ್ವಲ್ಪ ಉದ್ದವಾಗಿ. ಅಂದಿನಿಂದ ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ. ಸಭೆಯವರು ಬಂದು ಚಾಪೆಯ ಮೇಲೆ ಕೂತು, ಹೆಂಗಸರು ತಲೆಗೆ ಸೆರಗು ಹೊದ್ದು, ಎಲ್ಲರೂ ಕಣ್ಣು ಮುಚ್ಚುವುದು. ಕೊನೆಯ ಆಮೆನ್ ಆಗುವವರೆಗೆ ಕಣ್ಣು ತೆರೆಯುವಂತಿಲ್ಲ, ನಡುವೆ ಏಳುವಂತಿಲ್ಲ. ಪ್ರಾರ್ಥನೆ ನಡೆಸುವವರು ನಿವೃತ್ತ ಹೆಡ್‌ಮಾಸ್ಟರ್ ಸ್ಯಾಮುವೇಲ್ ಮಾಸ್ಟ್ರು. ಅವರು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಿಂದ ಹೊರಟು ನಮ್ಮ ಮನೆ ತಲುಪುವ ಹೊತ್ತಿಗೆ ಎಲ್ಲರ ಕಾಲೂ ಜೋಮು ಹಿಡಿದಿರುತ್ತಿತ್ತು.

ಸುಗುಣ ಒಂದು ವಾರವೂ ತಪ್ಪಿಸಲಿಲ್ಲ. ದನಿಯಿಲ್ಲದ ತುಟಿ ಆಡಿಸುತ್ತಾ ಕೂರುತ್ತಿದ್ದಳು. ನನಗೆ ಬೇಡಿ ಬೇಡಿ ಸುಸ್ತಾಗಿತ್ತು. ಸರ್ಕಾರಿ ಕಚೇರಿಯಲ್ಲಿದ್ದಾಗ ಅರ್ಜಿದಾರರಿಗೆ "ನೋಡೋಣ ಬಿಡಿ" ಎನ್ನುತ್ತಿದ್ದವನು ನಾನು. ಈಗ ಮೇಲಿನಿಂದ ನನಗೂ ಅದೇ ಉತ್ತರ ಬರುತ್ತಿದೆ ಅನ್ನಿಸುತ್ತಿತ್ತು.

ಆ ಶುಕ್ರವಾರ, ಕೂಟ ಮುಗಿದ ಮೇಲೆ ಕಾಫಿ ಕೊಡಬೇಕಲ್ಲ ಎಂದು ಹಾಲನ್ನು ಸಣ್ಣ ಉರಿಯಲ್ಲಿಟ್ಟು ಬಂದು ಕೂತೆ. ಉರಿ ಸಣ್ಣದು ಎಂಬುದು ನನ್ನ ಅಭಿಪ್ರಾಯವಾಗಿತ್ತು. ಪಕ್ಕದ ಮನೆಯ ಮಹದೇವಮ್ಮನವರೂ ಬಂದು ಬಾಗಿಲ ಬಳಿ ಕೂತರು. ಹಣೆ ತುಂಬ ವಿಭೂತಿ, ಸುಗುಣ ಎಂದರೆ ಪ್ರಾಣ. ಕಣ್ಣು ಮುಚ್ಚುವ ನಮ್ಮ ಕಟ್ಟಳೆ ಅವರಿಗಿರಲಿಲ್ಲ.

ಮಾಸ್ಟ್ರು ಪ್ರಾರ್ಥನೆಯಲ್ಲಿ ಇಸ್ರಾಯೇಲ್ಯರನ್ನು ಕೆಂಪು ಸಮುದ್ರ ದಾಟಿಸುತ್ತಿದ್ದರು. ಯಾರೋ ನನ್ನ ತೋಳು ಜಗ್ಗಿದಂತಾಯಿತು.

"ರೀ, ಹಾಲು."

"ಇರೇ, ಆಮೆನ್ ಆಗ್ಲಿ" ಎಂದೆ, ಕಣ್ಣು ತೆರೆಯದೆ.

"ಹಾಲು ಉಕ್ತಾ ಇದೆ ಕಣ್ರೀ."

ಸುತ್ತಲಿದ್ದವರು ಅಭ್ಯಾಸಬಲದಿಂದ "ಆಮೆನ್, ಸ್ತೋತ್ರ" ಎಂದರು. ಮಾಸ್ಟ್ರು ಸಮುದ್ರದ ಆಚೆ ದಡಕ್ಕೆ ಹೊರಟರು.

"ಅಯ್ಯೋ ಶಿವನೇ, ಕಣ್ ಬುಡ್ರಪ್ಪ ಎಲ್ರೂ" ಎಂದರು ಮಹದೇವಮ್ಮ. "ಸುಗುಣಕ್ಕ ಮಾತಾಡ್ಬುಟ್ರು."

ನನಗೆ ಕಣ್ಣು ಬಿಡಲು ಭಯವಾಯಿತು. ಬಿಟ್ಟ ಮೇಲೆ ಅದು ಸುಳ್ಳಾದರೆ? ಹೇಗೋ ಬಿಟ್ಟೆ. ಸುಗುಣ ತನ್ನ ಬಾಯಿಯ ಮೇಲೆ ಕೈಯಿಟ್ಟುಕೊಂಡು, ಅದು ಬೇರೆ ಯಾರದೋ ಬಾಯಿ ಎಂಬಂತೆ ಕೂತಿದ್ದಳು. ಅಡುಗೆಮನೆಯಿಂದ ಹಾಲು ಸೀದ ವಾಸನೆ ಬರುತ್ತಿತ್ತು. ಒಬ್ಬರೂ ಏಳಲಿಲ್ಲ. ಮಾಸ್ಟ್ರ ಮುಖ ಬಿಳಚಿಕೊಂಡಿತ್ತು. ಇಷ್ಟು ಕಾಲ ಕೇಳಿದ್ದು ಸಿಕ್ಕಿಬಿಟ್ಟರೆ ಏನು ಮಾಡಬೇಕೆಂದು ನಮ್ಮಲ್ಲಿ ಯಾರೂ ಯೋಚಿಸಿಯೇ ಇರಲಿಲ್ಲ.

"ಇನ್ನೊಂದ್ಸಲ ಹೇಳಮ್ಮ" ಎಂದರು ಮಾಸ್ಟ್ರು, ತರಗತಿಯಲ್ಲಿ ಕೇಳುವಂತೆ.

ತುಟಿ ಅಲುಗಿತು. ದನಿ ಬರಲಿಲ್ಲ. ಅವಳ ಕಣ್ಣಲ್ಲಿ ನೀರು ಬಂತು.

ಎದ್ದು ಹೋಗಿ ಒಲೆ ಆರಿಸಿ ಬಂದವರು ಮಹದೇವಮ್ಮನವರೇ. "ಅಳ್ಬೇಡಿ ಅಕ್ಕ. ದಾರಿ ಗೊತ್ತಾಯ್ತಲ್ಲ, ಇನ್ನ ಬತ್ತದೆ ಬುಡಿ" ಎಂದು ಅವಳ ಬೆನ್ನು ಸವರಿದರು. ಮಾಸ್ಟ್ರು ಆ ದಿನ ಪ್ರಾರ್ಥನೆಯನ್ನು ಒಂದೇ ವಾಕ್ಯದಲ್ಲಿ ಮುಗಿಸಿದರು. ಅದೂ ಒಂದು ಅದ್ಭುತವೇ.

ಮುಂದಿನ ಮಾತು ಬರಲು ವಾರಗಳೇ ಹಿಡಿದವು. ಯೋಚಿಸದೆ ಬಾಯಿಗೆ ಬರುವ ಮಾತು ಹೀಗೆ ಮೊದಲು ಬರುವುದುಂಟು ಎಂದರು ಡಾಕ್ಟರಮ್ಮ. ಇರಬಹುದು. ನಾನು ಅವರೊಡನೆಯೂ ವಾದಿಸುವುದಿಲ್ಲ, ಮಾಸ್ಟ್ರೊಡನೆಯೂ ವಾದಿಸುವುದಿಲ್ಲ. ಈಗ ಸುಗುಣ ಚಿಕ್ಕ ಚಿಕ್ಕ ವಾಕ್ಯ ಆಡುತ್ತಾಳೆ, ಹೆಚ್ಚಿನವು ನನ್ನ ತಪ್ಪುಗಳನ್ನು ಕುರಿತವು. ಉದ್ದದ ಮಾತಿಗೆ ಇನ್ನೂ ಕಾಯುತ್ತಿದ್ದೇವೆ.

ಶುಕ್ರವಾರದ ಕೂಟ ನಿಂತಿಲ್ಲ. ಇವತ್ತಿಗೂ ಹಾಲನ್ನು ಒಲೆಯ ಮೇಲಿಟ್ಟೇ ಪ್ರಾರ್ಥನೆಗೆ ಕೂರುತ್ತೇನೆ. "ರೀ, ಹಾಲು" ಎಂದು ಅವಳು ಗದರುವವರೆಗೆ ಏಳುವುದಿಲ್ಲ.