ಅವ್ವನ ಅಂಟಿನುಂಡಿಯೂ ಪರದೇಶದ ಸುಂಕದ ಕಟ್ಟೆಯೂ

ನನ್ನ ಅವ್ವ ಐವತ್ತು ದಾಟುವವರೆಗೆ ಹುಬ್ಬಳ್ಳಿಯನ್ನೇ ಪರದೇಶ ಎಂದುಕೊಂಡಿದ್ದವಳು. ಅಂಥವಳು ಎಂಬತ್ತರ ದಶಕದಲ್ಲಿ ವಿಮಾನ ಹತ್ತಬೇಕಾಗಿ ಬಂದದ್ದು ಅಕ್ಕನ ಬಾಣಂತನಕ್ಕಾಗಿ. ಅಕ್ಕನ ಗಂಡ ಕೊಲ್ಲಿಯ ಒಂದು ಸಣ್ಣ ದೇಶದಲ್ಲಿ ಫಿಟ್ಟರ್ ಆಗಿದ್ದರು. ಅದು ದುಬೈ ಅಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ನಮ್ಮೂರು ಸಂಶಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಮುದ್ರದ ಆಚೆ ಇರುವುದೆಲ್ಲ ನಮ್ಮೂರಿಗೆ ದುಬೈಯೇ. ಪಾಸ್‌ಪೋರ್ಟಿನ ಓಡಾಟ ಮುಗಿಯುವಷ್ಟರಲ್ಲಿ ಮಗು ಹುಟ್ಟಿಯೇಬಿಟ್ಟಿತ್ತು. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅವ್ವನ ಜೊತೆಗೆ ಹೋಗುವುದೆಂದು ತೀರ್ಮಾನವಾಯಿತು, ಯಾಕೆಂದರೆ ನನಗೆ ಹಿಂದಿ ಬರುತ್ತದೆ ಎಂಬ ತಪ್ಪು ಕಲ್ಪನೆ ಮನೆಯವರಿಗಿತ್ತು.

ಅವ್ವನಿಗೆ ವಿಮಾನದ ಚಿಂತೆ ಇರಲಿಲ್ಲ, ಪರದೇಶದ ಚಿಂತೆಯೂ ಇರಲಿಲ್ಲ. ಮಗಳು ಹಸಿ ಬಾಣಂತಿಯಾಗಿ ಅಂಟಿನುಂಡಿ ಇಲ್ಲದೆ ಕೂತಿದ್ದಾಳಲ್ಲ ಎಂಬುದೊಂದೇ ಆಕೆಯ ಸಂಕಟ. ಅಂಟು ಹುರಿದು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ ಹಾಕಿ ಬೆಲ್ಲದ ಪಾಕದಲ್ಲಿ ಕಟ್ಟಿದ ಆ ಉಂಡೆ ತಿನ್ನದಿದ್ದರೆ ಹೆತ್ತವಳ ಸೊಂಟ ಜನ್ಮದಲ್ಲಿ ಗಟ್ಟಿಯಾಗುವುದಿಲ್ಲ ಎಂದು ನಮ್ಮ ಕಡೆಯ ನಂಬಿಕೆ.

ಅಷ್ಟರಲ್ಲಿ ಅಕ್ಕನ ಗಂಡನ ಪತ್ರ ಬಂತು. ಆ ದೇಶದೊಳಗೆ ಏನು ತರಬಹುದು, ಏನು ತರಬಾರದು ಎಂದು ಎರಡು ಹಾಳೆ ತುಂಬ ಬರೆದಿದ್ದರು. ಸಿಗರೇಟು ಇಷ್ಟು, ಅತ್ತರು ಇಷ್ಟು, ಸುಂಕವಿಲ್ಲದೆ ತರಬಹುದು. ತಿನ್ನುವ ಪದಾರ್ಥ ಸ್ವಂತ ಉಪಯೋಗಕ್ಕೆ ಮಾತ್ರ. ಗಸಗಸೆಯನ್ನು ಅಲ್ಲಿ ಅಮಲಿನ ಪದಾರ್ಥ ಎಂದು ಲೆಕ್ಕ ಹಿಡಿಯುತ್ತಾರೆ, ಒಂದು ಕಾಳು ಸಿಕ್ಕರೂ ನೇರ ಜೈಲು.

ನಾನು ಓದಿ ಮುಗಿಸಿದಾಗ ಅವ್ವ ಕೇಳಿದಳು: "ಸಿಗರೇಟ ಸೇದವಂಗ ಸುಂಕ ಇಲ್ಲ, ಬಾಣಂತಿ ಗಸಗಸಿಗೆ ಜೇಲ? ಯಾವ ಗಂಡಸ ಬರದಾನ ಬೇ ಈ ಕಾನೂನ?"

ಅವ್ವ ಎರಡು ದಿನ ಮುಖ ಊದಿಸಿಕೊಂಡು ಓಡಾಡಿ, ಕೊನೆಗೆ ಗಸಗಸೆ ಇಲ್ಲದೆಯೇ ಉಂಡೆ ಕಟ್ಟಿ ಐದು ಸೇರಿನ ಡಬ್ಬಿ ತುಂಬಿದಳು.

ಪತ್ರದಿಂದ ನಿಜವಾಗಿ ಹುರುಪಾದದ್ದು ಕಾಕಾನಿಗೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಹಿರಿತನ ಅಪ್ಪನ ತಮ್ಮನಾದ ಆತನದೇ. ಆ ಎರಡು ಹಾಳೆಗಳನ್ನು ಬಾಯಿಪಾಠ ಮಾಡಿ, ಜೀವಮಾನವೆಲ್ಲ ಬಂದರಿನಲ್ಲೇ ಕಳೆದವನ ಗತ್ತಿನಲ್ಲಿ ತಿರುಗತೊಡಗಿದ. ಸೇದುವವರು ಯಾರೂ ಹೋಗುತ್ತಿಲ್ಲವಾದ್ದರಿಂದ ಸಿಗರೇಟಿನ ಸವಲತ್ತು ಹಾಳಾಗುತ್ತದಲ್ಲ ಎಂದು ಆತನಿಗೆ ನಿಜಕ್ಕೂ ನಿದ್ದೆ ಕೆಟ್ಟಿತ್ತು. "ಕೊಟ್ಟ ಹಕ್ಕು ಬಿಡಬಾರದ್ರಿ ವೈನಿ, ನೀವ ಒಯ್ರಿ," ಎಂದು ಅತ್ತಿಗೆಗೆ ಹೇಳಿ ಬೈಸಿಕೊಂಡ. ಮರುದಿನದಿಂದ ಪಡಸಾಲೆಯಲ್ಲಿ ಸುಂಕದ ಕಟ್ಟೆಯ ತಾಲೀಮು ಶುರುವಾಯಿತು.

ಕಾಕಾ ಮದುವೆಗೆ ಮಾತ್ರ ಹಾಕುತ್ತಿದ್ದ ಕೋಟು ತೊಟ್ಟು ಹೊಲಿಗೆ ಮಷಿನ್ನಿನ ಹಿಂದೆ ಕೂಡುತ್ತಿದ್ದ. ಅವ್ವ ಡಬ್ಬಿ ಹಿಡಿದು ಎದುರಿಗೆ ಬರಬೇಕು. ಅಧಿಕಾರಿಯ ಹಾಗೆ ಗದರಿಸಬೇಕೆಂದು ಆತನಿಗೆ ಮಹಾ ಆಸೆ, ಆದರೆ ಹಿರಿಯ ಅತ್ತಿಗೆಯನ್ನು ಗದರಿಸಲು ಬಾಯಿ ಬರಬೇಕಲ್ಲ. "ತಪ್ಪ ತಿಳ್ಕೋಬ್ಯಾಡ್ರಿ ವೈನಿ, ಈಗ ನಾ ಆಫೀಸರ್ ಅದೀನಿ," ಎಂದು ಮೊದಲೇ ಕೈಮುಗಿದು, ಆಮೇಲೆ ಮಷಿನ್ನಿನ ಹಲಗೆಗೆ ಗುದ್ದುತ್ತಿದ್ದ. "ಏನೈತಿ ಡಬ್ಬ್ಯಾಗ? ಯಾರಿಗೆ ಇದು?"

ಅವ್ವ "ನನಗ" ಎಂದಷ್ಟೇ ಹೇಳಿ ಸುಮ್ಮನಿರಬೇಕಿತ್ತು. ಸ್ವಂತ ಉಪಯೋಗ, ಮಾತು ಮುಗಿಯಿತು. ಅವ್ವ ಮಾಡುತ್ತಿದ್ದುದೇ ಬೇರೆ. ನಮ್ಮ ಕಡೆ ಒಬ್ಬರ ಎದುರಿಗೆ ತಿನಿಸಿನ ಡಬ್ಬಿ ತೆರೆದ ಮೇಲೆ ಅವರ ಕೈಗೆ ಒಂದು ಕೊಡದೆ ಮುಚ್ಚುವ ಪದ್ಧತಿಯೇ ಇಲ್ಲ. ಅವ್ವ ಮುಚ್ಚಳ ತೆರೆದವಳೇ ಕಾಕಾನ ಕೈಯಲ್ಲಿ ಉಂಡೆ ಇಡುತ್ತಿದ್ದಳು. "ತಿನ್ನಪಾ, ಮುಂಜಾನಿಂದ ಕೋಟ ಹಾಕ್ಕೊಂಡ ಕುಂತಿ." ಕಾಕಾ ಅದನ್ನು ತಿನ್ನುತ್ತ, "ಹಿಂಗ ಅಲ್ರಿ, ನಾಳೆ ಮತ್ತ ನೋಡೂಣು," ಎನ್ನುತ್ತಿದ್ದ. ಎಂಟು ದಿನದ ತಾಲೀಮಿನಲ್ಲಿ ಅವ್ವ ಏನೂ ಕಲಿಯಲಿಲ್ಲ, ಕಾಕಾನ ಸೊಂಟ ಮಾತ್ರ ಗಟ್ಟಿಯಾಯಿತು. ಡಬ್ಬಿ ಅರ್ಧಕ್ಕಿಳಿದಾಗ ಅವ್ವ ಆಫೀಸರನನ್ನು ನೌಕರಿಯಿಂದ ತೆಗೆದುಹಾಕಿ ಮತ್ತೊಮ್ಮೆ ಅಂಟು ಹುರಿದಳು.

ಮುಂಬಯಿಯಲ್ಲಿ ನಾವು ಇಳಿದುಕೊಂಡ ಲಾಜಿನ ನಲ್ಲಿಯಲ್ಲಿ ವಿಮಾನದ ದಿನ ಬೆಳಿಗ್ಗೆ ಒಂದು ಹನಿ ನೀರಿರಲಿಲ್ಲ. ಇದರಿಂದ ಅನಾಹುತ ಶುರುವಾಯಿತು. ಅವ್ವ ಸ್ನಾನ ಮಾಡಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ತುತ್ತು ಬಾಯಿಗೆ ಹಾಕಿದವಳಲ್ಲ. ನಾಲ್ಕು ದಿನದ ಜ್ವರದಲ್ಲಿ ಮಲಗಿದ್ದಾಗಲೂ ಎದ್ದು ಮೈಮೇಲೆ ನೀರು ಸುರುವಿಕೊಂಡು ಪೂಜೆ ಮಾಡಿಯೇ ಗಂಜಿ ಕುಡಿದಿದ್ದಳು. ಆ ದಿನ ಸ್ನಾನವಿಲ್ಲ, ಹಾಗಾಗಿ ಪೂಜೆಯೂ ಇಲ್ಲ, ಊಟವೂ ಇಲ್ಲ. ವಿಮಾನದಲ್ಲಿ ಕೊಟ್ಟ ತಟ್ಟೆಯನ್ನು ಮುಟ್ಟದೆ ವಾಪಸು ಕಳಿಸಿದಳು. "ಒಂದಿನಕ್ಕ ಏನಾಗತೈತಿ, ತಿನ್ನಬೇ," ಎಂದು ನಾನು ಸಿಡಿಮಿಡಿ ಮಾಡಿದೆ. ಅವ್ವ ಕಿಟಕಿಯ ಕಡೆ ತಿರುಗಿ ಮೋಡ ನೋಡುತ್ತ ಕೂತಳು.

ಮಧ್ಯಾಹ್ನ ಇಳಿದೆವು. ತಪಾಸಣೆಯ ಉದ್ದನೆಯ ಮೇಜಿನ ಹಿಂದೆ ಒಬ್ಬ ಚಿಗುರು ಮೀಸೆಯ ಹುಡುಗ ನಿಂತಿದ್ದ. ಮೇಜಿನ ಪಕ್ಕದಲ್ಲಿ ದೊಡ್ಡದೊಂದು ಕಸದ ಪೀಪಾಯಿ. ಅದರೊಳಗೆ ಯಾರದೋ ಉಪ್ಪಿನಕಾಯಿ, ಯಾರದೋ ಹಪ್ಪಳ. ಹುಡುಗ ಹಿಂದೂಸ್ತಾನಿಯಲ್ಲಿ ಡಬ್ಬಿ ತೆರೆಯಲು ಹೇಳಿದ. ಅವ್ವ ತೆರೆದಳು. ನಾನು ತಡೆಯುವುದರೊಳಗೆ ಒಂದು ಉಂಡೆ ಆತನ ಕೈಯಲ್ಲಿತ್ತು.

"ತಿನ್ನೋ ತಮ್ಮಾ."

ಆತ ಉಂಡೆಯನ್ನು ಮೂಸಿ ಮೇಜಿನ ಮೇಲಿಟ್ಟ. ಯಾರಿಗೆ ಇದು ಎಂದು ಕೇಳಿದ. ಅವ್ವ ಬಾಯಿ ತೆರೆದರೆ ಇಡೀ ಬಾಣಂತನದ ಕಥೆ ಹೊರಬರುತ್ತದೆಂದು ಹೆದರಿ ನಾನೇ, ಆಕೆಯ ಸ್ವಂತ ಉಪಯೋಗಕ್ಕೆ ಎಂದೆ. ಹುಡುಗ ಐದು ಸೇರಿನ ಡಬ್ಬಿಯನ್ನು ನೋಡಿದ, ಒಣಗಿದ ಕಡ್ಡಿಯಂತಿದ್ದ ಅವ್ವನನ್ನು ನೋಡಿದ. ಹಾಗಾದರೆ ನನ್ನೆದುರಿಗೆ ಒಂದು ತಿನ್ನಲಿ ಎಂದ.

"ಏನಂತಾನ?" ಎಂದಳು ಅವ್ವ.

"ನೀ ಒಂದು ತಿನಬೇಕಂತ."

"ಜಳಕಾ ಆಗಿಲ್ಲ, ಪೂಜಿ ಆಗಿಲ್ಲ. ಹೆಂಗ ತಿನ್ನಲಿ?" ಅವ್ವ ಗಟ್ಟಿಯಾಗಿ ತಲೆಯಲ್ಲಾಡಿಸಿದಳು.

ತಾನು ತಂದದ್ದನ್ನು ತಾನೇ ತಿನ್ನಲೊಲ್ಲದ ಮುದುಕಿಯನ್ನು ಕಂಡು ಹುಡುಗನ ಹುಬ್ಬು ಮೇಲೇರಿತು. ಸ್ನಾನವಾಗಿಲ್ಲ ಎಂದು ನಾನು ನನ್ನ ಹಿಂದಿಯಲ್ಲಿ ವಿವರಿಸಿದೆ. ಆತ ಉಂಡೆಗೇ ಸ್ನಾನ ಮಾಡಿಸಬೇಕೇನೋ ಎಂಬಂತೆ ಡಬ್ಬಿಯೊಳಗೆ ಇಣುಕಿದ. ನಾನೊಂದು ಉಂಡೆ ತಿಂದು ತೋರಿಸಿದೆ. ಸಾಲಲಿಲ್ಲ. ಇನ್ನೊಂದು ತಿಂದೆ. ಹಿಂದೆ ಸಾಲಿನಲ್ಲಿದ್ದವರು ನಗತೊಡಗಿದರು. ಮೂರನೆಯದಕ್ಕೆ ನಾನು ಕೈ ಹಾಕಿದಾಗ ಆತ ನನ್ನ ಕೈ ಸರಿಸಿ, ಅವ್ವನ ಕಡೆ ಬೆರಳು ತೋರಿಸಿ, ಡಬ್ಬಿಯನ್ನು ಪೀಪಾಯಿಯ ಕಡೆಗೆ ಎಳೆದ.

ಅವ್ವ ಪೀಪಾಯಿಯನ್ನು ನೋಡಿದಳು. ಸೆರಗಿನ ಮೇಲಿಂದಲೇ ಲಿಂಗವನ್ನು ಮುಟ್ಟಿಕೊಂಡು ಒಂದು ಕ್ಷಣ ಕಣ್ಣು ಮುಚ್ಚಿದಳು. ಆಮೇಲೆ ಒಂದು ಉಂಡೆ ತೆಗೆದುಕೊಂಡು ಕಚ್ಚಿದಳು. ಪೂರ್ತಿ ತಿಂದು, ಬೆರಳಿಗಂಟಿದ ಪುಡಿಯನ್ನೂ ನೆಕ್ಕಿ, ಸಾಕೇನು ಎಂಬಂತೆ ಹುಡುಗನಿಗೆ ಎರಡೂ ಅಂಗೈ ತೋರಿಸಿದಳು. ದಾರಿಯುದ್ದಕ್ಕೂ ಆಕೆಯ ಮೇಲೆ ರೇಗಿದ್ದು ನೆನಪಾಗಿ ನಾಚಿಕೆಯಾಯಿತು.

ಹುಡುಗ ಡಬ್ಬಿಯ ಮೇಲೆ ಸೀಮೆಸುಣ್ಣದಿಂದ ಗೀಟು ಹಾಕಿ ಹೋಗಿ ಎಂದ. ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರೆ, ಮೇಜಿನ ಮೇಲಿದ್ದ ತನ್ನ ಪಾಲಿನ ಉಂಡೆಯನ್ನು ಆತ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಹೊರಗೆ ಬಿಸಿಲಿನಲ್ಲಿ ನಿಂತಾಗ ಮೆಲ್ಲಗೆ ಕೇಳಿದೆ: "ಅವ್ವಾ, ಪೂಜಿ ಮಾಡಲಾರದ ತಿಂದಿ?"

"ಶಿವಗ ನಾ ಹೇಳ್ಕೋತೀನಿ, ಅವಗ ಕನ್ನಡ ಬರತೈತಿ. ಈ ಹುಡುಗಗ ಏನಂತ ಹೇಳೂದು?" ಅವ್ವ ಡಬ್ಬಿಯನ್ನು ಕಂಕುಳಿಗೆ ಏರಿಸಿಕೊಂಡಳು. "ಲಗೂ ನಡಿ. ಅಕಿ ಹಸದ ಕುಂತಿರತಾಳ."