ಎಲ್ಬೊಗೆ ಹಚ್ಚಿದ ವಿಭೂತಿ

ಚಾಮರಾಜನಗರದಲ್ಲಿ ನಾವು ಮನೆ ಕಟ್ಟಿಸುವಾಗ ಬಚ್ಚಲಿನ ಪೈಪು ಕೆಲಸ ಯಾರಿಗೆ ಕೊಡಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ತೆರಕಣಾಂಬಿಯಿಂದ ಬೆಳಗಿನ ಬಸ್ಸಿಗೆ ಅಪ್ಪ ಚೀಲದ ತುಂಬ ಪೈಪು ತಿರುಪುವ ಪಾನ, ಸೆಣಬಿನ ನಾರು ತುಂಬಿಕೊಂಡು ಬಂದೇಬಿಟ್ಟರು. ಆ ಸೀಮೆಯ ತೋಟಗಳ ಪಂಪು, ಪೈಪೆಲ್ಲ ಅವರ ಕೈಯಲ್ಲೇ ಪಳಗಿದವು. ಆದರೆ ಹಿಂದಿನ ವರ್ಷ ಅವರಿಗೆ ಲಕ್ವ ಹೊಡೆದಿತ್ತು. ಬಿದ್ದುಹೋಗಿದ್ದ ಬಲಗೈ ನಿಧಾನಕ್ಕೆ ಎದ್ದಿತ್ತು. "ಎಲ್ಲ ವಾಸಿಯಾಯ್ತು ಕಣಪ್ಪ" ಎಂದು ಕಂಡವರಿಗೆಲ್ಲ ಕೈ ಮಡಚಿ ಬಿಚ್ಚಿ ತೋರಿಸುತ್ತಿದ್ದರು. ಉಡಿಗಾಲದ ಬಾಳೆ ತೋಟದವರೊಬ್ಬರು ಇಡೀ ತೋಟದ ಪೈಪು ಬದಲಾಯಿಸಲು ಕರೆದಿದ್ದರು, ಸೋಮವಾರದಿಂದ ಬರುತ್ತೇನೆಂದು ಅಪ್ಪ ಒಪ್ಪಿಕೊಂಡೂ ಆಗಿತ್ತು. ಅದಕ್ಕೆ ಮುಂಚೆ ನಮ್ಮ ಬಚ್ಚಲಲ್ಲಿ ತಮ್ಮ ಕೈಯನ್ನು ಒಮ್ಮೆ ಪರೀಕ್ಷೆ ಮಾಡಿಕೊಳ್ಳಬೇಕಿತ್ತು ಅವರಿಗೆ. ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಿತ್ತು.

ನಾನು ಕಚೇರಿಗೆ ರಜೆ ಹಾಕಿದ್ದೆ. ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ, ಕೋಪವೂ ಮೂಗಿನ ತುದಿಯಲ್ಲೇ. ಮಧ್ಯಾಹ್ನದ ಊಟವಾದ ಮೇಲೆ ಟೈಲ್ಸ್ ಅಂಟಿಸಬೇಕೆಂದು ಮೇಸ್ತ್ರಿ ತಯಾರಾಗಿದ್ದ. ಅದಕ್ಕೆ ಮುಂಚೆ ಗೋಡೆಯೊಳಗೆ ಪೈಪು ಹೊರಳುವ ಕಡೆಯ ಮೂರು ಪ್ಲಾಸ್ಟಿಕ್ ಎಲ್ಬೊಗಳಿಗೆ ಹಿತ್ತಾಳೆಯ ತುಂಡು ತಿರುಪಿ ಕೂರಿಸಬೇಕು. ನಲ್ಲಿ ಹೊರಗೆ ಕಾಣುತ್ತದೆ, ಈ ಜಾಯಿಂಟು ಮಾತ್ರ ಟೈಲ್ಸ್ ಹಿಂದೆ ಉಳಿಯುತ್ತದೆ. ಆಮೇಲೆ ಸೋರಿದರೆ ಗೋಡೆ ಒಡೆಯುವುದೊಂದೇ ದಾರಿ. "ಮೇಡಮ್, ಸೀಕ್ರಂ ಆಗ್ಲಿ, ನಾಳೆ ಸತ್ಯಮಂಗಲದ ಕಡೆ ಕೆಲ್ಸ ಅದೆ" ಎಂದು ತಮಿಳು ಬೆರೆಸಿ ಹೇಳುತ್ತ ಮೇಸ್ತ್ರಿ ಬಾಗಿಲಿಗೆ ಬಂದು ಬಂದು ಇಣುಕುತ್ತಿದ್ದ. ನಾನು ಬಚ್ಚಲಿನಿಂದ ಅಂಗಳಕ್ಕೆ, ಅಂಗಳದಿಂದ ಬಚ್ಚಲಿಗೆ ಸುಮ್ಮನೆ ಓಡಾಡುತ್ತಿದ್ದೆ.

ಅಪ್ಪ ಚಕ್ಕಳಮಕ್ಕಳ ಹಾಕಿ ಕೂತು ಹಿತ್ತಾಳೆಯ ಥ್ರೆಡ್ಡಿಗೆ ಸೋರದಂತೆ ಸೆಣಬು ಸುತ್ತತೊಡಗಿದರು.

"ಇದು ಪ್ಲಾಸ್ಟಿಕ್ ಎಲ್ಬೊ ಕಣಪ್ಪ, ಕಬ್ಬಿಣ ಅಲ್ಲ. ಸೆಣಬು ನೆಂದು ಉಬ್ಕೊಂಡ್ರೆ ಸೀಳ್ಬುಡ್ತದೆ. ಟೇಪ್ ಸುತ್ತು" ಎಂದೆ.

"ಜಡೆಗೆ ರಿಬ್ಬನ್ ಕಟ್ದಂಗೆ ಅದೆ ನಿನ್ ಟೇಪು. ನೀ ಹುಟ್ಟೋಕ್ ಮುಂಚಿಂದ ಸುತ್ತಿವ್ನಿ, ಸುಮ್ಕಿರವ್ವ."

ಹುಣಸೆ ಮರಕ್ಕೆ ಮುಪ್ಪು ಬಂದರೆ ಹುಳಿಗೆ ಮುಪ್ಪೇ ಎಂದುಕೊಂಡು ಬಾಯಿ ಮುಚ್ಚಿದೆ. ಆದರೆ ನೋಡಲಾಗುತ್ತಿರಲಿಲ್ಲ. ನಾರು ಥ್ರೆಡ್ಡಿನ ಮೇಲೆ ಕೂರುತ್ತಿರಲಿಲ್ಲ, ಬೆರಳಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಅಪ್ಪ ಎತ್ತಿಕೊಂಡು ಮತ್ತೆ ಸುತ್ತುತ್ತಿದ್ದರು. ಕಿತ್ತುಕೊಂಡು ನಾನೇ ಸುತ್ತಿಬಿಡಲೇ ಎಂದು ನನ್ನ ಕೈ ತುರಿಸುತ್ತಿತ್ತು.

ಕೊನೆಗೂ ಮೂರೂ ಕಡೆ ಕೂರಿಸಿ, ಪರೀಕ್ಷೆಗೆಂದು ನಲ್ಲಿ ಹಾಕಿ, ಟ್ಯಾಂಕಿನ ವಾಲ್ವ್ ತೆರೆದೆವು. ಅಪ್ಪ ಚೀಲದಿಂದ ವಿಭೂತಿ ಗಟ್ಟಿ ತೆಗೆದರು. ಜಾಯಿಂಟನ್ನು ಬಟ್ಟೆಯಲ್ಲಿ ಒರೆಸಿ, ಸುತ್ತಲೂ ವಿಭೂತಿ ಉಜ್ಜಿ ಬಿಡುವುದು ಅವರ ಹಳೆಯ ಪದ್ಧತಿ. ಕಣ್ಣಿಗೆ ಕಾಣದಷ್ಟು ಜಿನುಗಿದರೂ ಬಿಳಿ ಬೂದಿ ಕಪ್ಪಾಗಿ ಒದ್ದೆಯಾಗುತ್ತದೆ. "ಹಣೆಗಿಡೋದನ್ನ ಪೈಪಿಗೆ ಬಳೀತೀರಲ್ಲ" ಎಂದು ಅಮ್ಮ ಬೈದರೆ, "ಪೈಪಿಗೂ ಶಿವನೇ ಗತಿ ಕಣಮ್ಮಿ" ಎನ್ನುತ್ತಿದ್ದರು. ಎರಡು ಜಾಯಿಂಟಿನಲ್ಲಿ ಬೂದಿ ಬೆಳ್ಳಗೇ ಇತ್ತು. ಗೀಸರ್ ಬರುವ ಜಾಗದ ಕೆಳಗಿನದು ನೋಡನೋಡುತ್ತಲೇ ಕೆಸರಾಯಿತು.

ಅಪ್ಪ ನನ್ನ ಮುಖ ನೋಡಲಿಲ್ಲ. ವಾಲ್ವ್ ಮುಚ್ಚಿ ಪಾನ ಎತ್ತಿಕೊಂಡರು.

"ಬಿಚ್ಚಿ ಬೇರೆ ಸುತ್ತನ ಕಣಪ್ಪ."

"ಬ್ಯಾಡ, ಇನ್ನೊಂದ್ ಸುತ್ತು ಬಿಗುದ್ರೆ ಸರಿಯಾಯ್ತದೆ."

ಈ ಇನ್ನೊಂದು ಸುತ್ತು ಕಬ್ಬಿಣದ ಪೈಪಿನ ಕಾಲದವರಿಗೆಲ್ಲ ಅಂಟಿದ ಚಟ. ಕಬ್ಬಿಣ ಬಿಗಿಯುತ್ತ ಬಂದಂತೆ ಕಿರುಗುಟ್ಟುತ್ತದೆ, ಪಾನ ಭಾರವಾಗುತ್ತದೆ, ಎಲ್ಲಿ ನಿಲ್ಲಿಸಬೇಕೆಂದು ಕೈಗೆ ತಿಳಿಯುತ್ತದೆ. ಪ್ಲಾಸ್ಟಿಕ್ ಅಷ್ಟೆಲ್ಲ ಎಚ್ಚರಿಸುವುದಿಲ್ಲ. ಅಪ್ಪ ಎರಡೂ ಕೈ ಹಾಕಿ, ತುಟಿ ಕಚ್ಚಿ ಎಳೆದರು. ಸಾಕು ಎಂದೆ. ಇನ್ನೂ ಎಳೆದರು. ಟಿಕ್ ಎಂದು ಸಣ್ಣ ಸದ್ದಾಗಿ ಎಲ್ಬೊ ಉದ್ದಕ್ಕೆ ಸೀಳಿಕೊಂಡಿತು.

"ಹೇಳ್ದೆ ತಾನೆ? ಬಡ್ಕಂಡೆ ತಾನೆ? ನಿಂಗ್ ಯಾರ್ ಮಾತೂ ಬ್ಯಾಡ" ಎಂದು ಬಾಯಿಗೆ ಬಂದಂತೆ ರೇಗಿದೆ. ತಿರುಗಿ ರೇಗುತ್ತಾರೆಂದು ಕಾದೆ. ನಮ್ಮಿಬ್ಬರ ಜಗಳ ಊರಿಗೇ ಗೊತ್ತು. ಅಪ್ಪ ಪಾನ ಕೆಳಗಿಟ್ಟು ಬಲಗೈ ತಿರುಗಿಸಿ ನೋಡಿಕೊಂಡರು.

"ಕೈಗ್ ಗೊತ್ತಾಗ್ಲಿಲ್ಲ ಕಣವ್ವ."

"ಏನ್ ಗೊತ್ತಾಗ್ಲಿಲ್ಲ?"

"ಬಿಗಿ ಆಗಿದ್ದು. ಪಾನ ಹಿಡ್ದಿರೋದೂ ಗೊತ್ತಾಗಕಿಲ್ಲ. ಕಣ್ಣಲ್ ನೋಡ್ಕಂಡ್ ಹಿಡ್ಕತೀನಿ."

ಒಂದು ವರ್ಷದಿಂದ ಊರಿಗೆಲ್ಲ ಆಡಿಸಿ ತೋರಿಸಿದ ಕೈ. "ಯಾಕಪ್ಪ ಹೇಳ್ಲಿಲ್ಲ?" ಎಂದೆ.

"ಹೇಳಿದ್ರೆ ಕೆಲ್ಸಕ್ ಯಾರ್ ಕರ್ದಾರು?"

ಅಂಗಡಿಗೆ ಓಡಿ ಹೊಸ ಎಲ್ಬೊ, ಗಮ್ಮು ತಂದೆ. ಅಪ್ಪ ಬಾಯಲ್ಲಿ ಹೇಳಿದಂತೆ ನಾನು ಪೈಪು ಕೊಯ್ದು ಅಂಟಿಸಿದೆ. ಗಮ್ಮು ಒಣಗುವವರೆಗೆ ಕಾಯಬೇಕಿತ್ತು. ಮೇಸ್ತ್ರಿಯನ್ನು ಊಟಕ್ಕೆ ಕಳಿಸಿದೆ, ಅವನು ವಾಪಸ್ಸೂ ಬಂದ, ನಾನಿನ್ನೂ ಓಡಾಡುತ್ತಲೇ ಇದ್ದೆ. ಅಪ್ಪ ಗೋಡೆಗೊರಗಿ ಕೂತವರು ಅಲ್ಲಾಡಲಿಲ್ಲ. ಆಮೇಲೆ ಟೇಪಿನ ಸುರುಳಿಯನ್ನು ಅವರೇ ನನ್ನ ಕಡೆ ತಳ್ಳಿದರು. "ತಿರುಪೋ ದಿಕ್ಕಿಗೇ ಸುತ್ತು. ಎಳ್ದು ಸುತ್ತು, ಸಡ್ಲ ಬುಡಬ್ಯಾಡ" ಎಂದರು. ಕೈಯಲ್ಲಿ ತಿರುಪಿ, ಪಾನ ಹಾಕಿ ಸ್ವಲ್ಪ ಎಳೆದೆ.

"ಸಾಕು" ಎಂದರು ಅಪ್ಪ. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ನೀರು ಬಿಟ್ಟು ವಿಭೂತಿ ಉಜ್ಜಿದೆ. ಬೆಳ್ಳಗೇ ಉಳಿಯಿತು. "ಹಿಡೀತು ಕಣಪ್ಪ, ನೋಡು" ಎಂದೆ. ಅವರು ಅತ್ತ ನೋಡದೆ ಎಡಗೈಯಲ್ಲಿ ಜೇಬಿನಿಂದ ಮೊಬೈಲು ತೆಗೆದು ಉಡಿಗಾಲದ ತೋಟದವರಿಗೆ ಫೋನು ಮಾಡಿದರು. ಆ ಕಡೆಯ ಧ್ವನಿ ನನಗೂ ಕೇಳುತ್ತಿತ್ತು.

"ಏನಣ್ಣ, ಸೋಮವಾರ ಗಾಡಿ ಕಳಿಸ್ಲಾ?"

"ಬ್ಯಾಡ ಕಣಪ್ಪ. ಬ್ಯಾರೆಯವ್ರನ್ನ ನೋಡ್ಕಳಿ. ನನ್ ಕೈ ನಡ್ಯಕಿಲ್ಲ."

ಆ ಕಡೆಯವರಿಗೆ ಕೇಳಿಸಲಿಲ್ಲವೋ ನಂಬಲಾಗಲಿಲ್ಲವೋ, "ಏನಂದ್ರಿ?" ಎಂದರು. ಅಪ್ಪ ಇನ್ನೊಂದು ಸಲ, ಜೋರಾಗಿ ಹೇಳಬೇಕಾಯಿತು. ಖಾಲಿ ಬಚ್ಚಲಲ್ಲಿ ಅದು ಮನೆಗೆಲ್ಲ ಕೇಳುವಂತಿತ್ತು. ಹೊರಗೆ ಸಿಮೆಂಟು ಕಲಸುತ್ತಿದ್ದ ಮೇಸ್ತ್ರಿಯ ಕರಣೆ ನಿಂತಿತು. ಆ ಕಡೆಯವರು ಮೂರನೇ ಸಲ ಕೇಳುವಷ್ಟರಲ್ಲಿ ನಾನು ಬಕೆಟ್ಟು ಎಳೆದಿಟ್ಟು, ನಲ್ಲಿಯನ್ನು ಪೂರ್ತಿ ತಿರುಗಿಸಿ, ಹೊರಗೆ ಮಾತು ಕೇಳದಷ್ಟು ನೀರು ಸದ್ದು ಮಾಡುವ ಹಾಗೆ ಬಿಟ್ಟೆ.